ಇಳಿಯುವುದನ್ನು ಮೊದಲು ಕಲಿಯಿರಿ

ಸೇಂಟ್ ಆಗಸ್ಟೀನ್, ಫ್ಲಾರಿಡಾ

ತೀರ್ಥರೂಪ ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಮಧುಗಿರಿಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಫೆಬ್ರವರಿಯಲ್ಲಿ ನೀವಿಬ್ಬರೂ ಚಿಕ್ಕಪ್ಪನೂ ಬಂದಾಗ ಹಳೇ ಪೇಟೆಯನ್ನು ಸೆಗ್ವೇ ಎಂಬ, ನಿಂತು ಓಡಿಸುವ ಬ್ಯಾಟರಿ ಗಾಡಿಯ ಮೇಲೆ ಗೈಡ್ ಜೊತೆ ನೋಡಬಹುದು ಎಂದಿದ್ದೆ. ಅದಕ್ಕೆ ಚಿಕ್ಕಪ್ಪ, ‘ಎರಡೇ ಚಕ್ರ, ಅವೂ ಅಕ್ಕಪಕ್ಕ, ಸೀಟಿಲ್ಲ, ಬ್ರೇಕಿಲ್ಲ, ಅದು ಹೇಗಪ್ಪಾ ನಿಲ್ಲುತ್ತೆ?’ ಎಂದು ಕೇಳಿದರು. ಫೋನಿನಲ್ಲಿ ಅದನ್ನು ಬಿಡಿಸಿ ಹೇಳಲಾಗುವುದಿಲ್ಲ. ಟಿಕೆಟ್ ಮಾಡಿಸುವ ಮೊದಲೇ ನೀವು ಎಲ್ಲ ತಿಳಿದುಕೊಂಡು ಹೂಂ ಅಥವಾ ಉಹೂಂ ಅನ್ನಲಿ ಎಂದು ಬರೆಯುತ್ತಿದ್ದೇನೆ.

ನಿಲ್ಲುವ ಹಲಗೆಯ ಕೆಳಗೆ ಐದು ಗೈರೋಸ್ಕೋಪ್ ಸೆನ್ಸರ್‌ಗಳಿವೆ. ಹಲಗೆ ಯಾವ ಕಡೆ ಎಷ್ಟು ವಾಲಿದೆ ಎಂದು ಯಂತ್ರ ಸೆಕೆಂಡಿಗೆ ಸುಮಾರು ನೂರು ಸಲ ನೋಡುತ್ತಿರುತ್ತದೆ. ನೀವು ಮುಂದಕ್ಕೆ ವಾಲಿದರೆ ನಿಮ್ಮ ಭಾರ ಚಕ್ರದ ಅಚ್ಚಿಗಿಂತ ಮುಂದೆ ಹೋಗುತ್ತದೆ. ನೀವು ಮುಗ್ಗರಿಸುವ ಮೊದಲೇ ಚಕ್ರಗಳು ಮುಂದೆ ಓಡಿ ಮತ್ತೆ ನಿಮ್ಮ ಕಾಲಡಿಗೆ ಬರುತ್ತವೆ. ಅದು ಓಡುವುದು ಎಂದರೆ ಇಷ್ಟೇ. ಹಿಮ್ಮಡಿಯ ಮೇಲೆ ಭಾರ ಹಾಕಿದರೆ ನಿಧಾನವಾಗಿ ನಿಲ್ಲುತ್ತದೆ, ಇನ್ನೂ ವಾಲಿದರೆ ಹಿಂದಕ್ಕೆ ಬರುತ್ತದೆ. ತಿರುಗಬೇಕಾದ ಕಡೆಗೆ ಹ್ಯಾಂಡಲ್ ವಾಲಿಸಬೇಕು. ನಿಂತಲ್ಲೇ ವಾಲಿಸಿದರೆ ಒಂದು ಚಕ್ರ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಸುತ್ತಿ, ಇದ್ದ ಜಾಗದಲ್ಲೇ ತಿರುಗುತ್ತದೆ. ಅಮೆರಿಕದ ಡೀನ್ ಕೇಮೆನ್ ಇದನ್ನು 2001ರ ಡಿಸೆಂಬರ್‌ನಲ್ಲಿ ಜನರ ಮುಂದೆ ತಂದರು. ಇನ್ನು ಮುಂದೆ ಊರುಗಳನ್ನೇ ಇದಕ್ಕೆ ತಕ್ಕಂತೆ ಕಟ್ಟುತ್ತಾರೆ ಎಂದು ಆಗ ದೊಡ್ಡ ಗುಲ್ಲಾಗಿತ್ತು. ಕೊನೆಗೆ ಇದು ಉಳಿದದ್ದು ಹೆಚ್ಚಾಗಿ ಪ್ರವಾಸಿಗರ ಕಾಲಡಿಯಲ್ಲಿ.

2020ರಲ್ಲಿ ಇದರ ತಯಾರಿಕೆಯೇ ನಿಂತಿತು, ಇದನ್ನು ಮರೆಯಬೇಡಿ. ಈಗ ಟೂರಿಗೆ ಕೊಡುವ ಐ2 ಮಾದರಿಯ ಗಾಡಿಗಳೆಲ್ಲ ಹಳೆಯವು. ಗಾಡಿ ಗಟ್ಟಿಮುಟ್ಟೇ, ಬ್ಯಾಟರಿ ಮಾತ್ರ ಮುಪ್ಪಾಗುತ್ತದೆ. ಹೊಸ ಬ್ಯಾಟರಿಯಲ್ಲಿ ಹೆಚ್ಚೆಂದರೆ 38 ಕಿ.ಮೀ. ಓಡುತ್ತದೆ ಎಂಬ ಲೆಕ್ಕ ಮುದಿ ಬ್ಯಾಟರಿಗೆ ಹೊಂದುವುದಿಲ್ಲ. ಬ್ಯಾಟರಿ ಯಾವಾಗ ಬದಲಿಸಿದರು, ಈ ಗಾಡಿ ಬೆಳಗ್ಗೆ ಎಷ್ಟು ಸುತ್ತು ಹೋಗಿ ಬಂದಿದೆ ಎಂದು ಬುಕ್ ಮಾಡುವಾಗಲೇ ಕೇಳುತ್ತೇನೆ. ಉತ್ತರ ಸರಿಯಿಲ್ಲದಿದ್ದರೆ ಬೇರೆ ಕಡೆ ನೋಡೋಣ. ಬ್ಯಾಟರಿ ಬತ್ತುತ್ತಿರುವಾಗ ಒಮ್ಮೆಲೇ ಜೋರಾಗಿ ಮುಂದಕ್ಕೆ ವಾಲಿದರೆ, ನಿಮ್ಮನ್ನು ಎತ್ತಿ ಹಿಡಿಯುವಷ್ಟು ಶಕ್ತಿ ಮೋಟಾರಿಗೆ ಸಿಗುವುದಿಲ್ಲ. 2003ರಲ್ಲಿ ಸುಮಾರು 6,000 ಗಾಡಿಗಳನ್ನು ಕಂಪನಿ ವಾಪಸ್ ಕರೆಸಿಕೊಂಡದ್ದು ಇದೇ ದೋಷಕ್ಕೆ. ಸಾಫ್ಟ್‌ವೇರ್ ಬದಲಿಸಿ ಕೊಟ್ಟರು. ಈಗ ಕೆಂಪು ದೀಪ ಬಂದು ಹ್ಯಾಂಡಲ್ ಗಡಗಡ ನಡುಗಿದರೆ ‘ಇಳಿ’ ಎಂದು ಅರ್ಥ. ಮುಂದಿನ ತಿರುವಿನವರೆಗೆ ಹೋಗಿಬಿಡೋಣ ಅನ್ನಬೇಡಿ. ಅಲ್ಲೇ ನಿಲ್ಲಿಸಿ ಇಳಿಯಿರಿ.

ಮೊದಲ ಹದಿನೈದು ಇಪ್ಪತ್ತು ನಿಮಿಷ ಖಾಲಿ ಜಾಗದಲ್ಲಿ ಕಲಿಸುತ್ತಾರೆ. ಗೈಡ್ ಹ್ಯಾಂಡಲನ್ನು ಎದುರಿನಿಂದ ಹಿಡಿದುಕೊಳ್ಳುತ್ತಾನೆ. ಮಣಿಕಟ್ಟಿಗೆ ಕಟ್ಟಿಕೊಳ್ಳುವಷ್ಟು ಪುಟ್ಟ ಕಂಟ್ರೋಲರ್ ಒಂದಿರುತ್ತದೆ. ಅದರಲ್ಲಿ ನಗುಮುಖ ಕಂಡರೆ ಗಾಡಿ ಹತ್ತಲು ಸಿದ್ಧ. ಆಮೆಯ ಚಿತ್ರ ಕಂಡರೆ ಹೊಸಬರ ವೇಗದಲ್ಲಿದೆ. ಗಾಡಿಯ ಪೂರ್ತಿ ವೇಗ ಗಂಟೆಗೆ 20 ಕಿ.ಮೀ., ಆಮೆಯದು ಅದರ ಅರ್ಧದಷ್ಟು. ಆಮೆಯನ್ನು ತೆಗೆಸಲು ಚಿಕ್ಕಪ್ಪ ಗೈಡನ್ನು ಪುಸಲಾಯಿಸುತ್ತಾರೆ, ಗೊತ್ತು. ಬೇಡ ಎಂದು ಈಗಲೇ ಹೇಳಿಬಿಡಿ.

ಹತ್ತುವಾಗ ಮೊದಲು ಒಂದು ಕಾಲಿಡಿ, ತಡಮಾಡದೆ ಇನ್ನೊಂದನ್ನೂ ಇಡಿ. ಹ್ಯಾಂಡಲನ್ನು ಆಸರೆಗೆಂದು ಎಳೆಯಬಾರದು. ಎಳೆದರೆ ಹಲಗೆ ಹಿಂದಕ್ಕೆ ವಾಲುತ್ತದೆ, ಗಾಡಿ ಅದನ್ನೇ ಅಪ್ಪಣೆ ಎಂದುಕೊಂಡು ಹಿಂದೆ ಬಂದು ಮೊಣಕಾಲಿನ ಕೆಳಗೆ ಬಡಿಯುತ್ತದೆ. ಹತ್ತಿದ ಕೂಡಲೇ ಎಲ್ಲರಿಗೂ ಹಿಂದೆ ಮುಂದೆ ತೂಗಾಡುವ ಕಾಟ ಬರುತ್ತದೆ. ಅದು ಗಾಡಿಯ ದೋಷವಲ್ಲ. ನೀವು ಬೆದರಿ ಬೆರಳಿನ ಮೇಲೆ ಒತ್ತುತ್ತೀರಿ, ಅದು ಮುಂದೆ ಹೋಗುತ್ತದೆ. ಗಾಬರಿಯಿಂದ ಹಿಮ್ಮಡಿ ಒತ್ತುತ್ತೀರಿ, ಹಿಂದೆ ಬರುತ್ತದೆ. ಕಾಲು ನೋಡುವುದನ್ನು ಬಿಟ್ಟು ದೂರದ ಮರವನ್ನೋ ಗೋಪುರವನ್ನೋ ನೋಡಿ, ಮೊಣಕಾಲು ಸಡಿಲ ಬಿಡಿ, ತಾನಾಗಿ ನಿಲ್ಲುತ್ತದೆ. ಮುಂದೆ ಹೋಗಲು ಸೊಂಟ ಬಗ್ಗಿಸಬೇಕಾಗಿಲ್ಲ. ಮೈ ನೆಟ್ಟಗಿಟ್ಟು ಹಿಮ್ಮಡಿಯಿಂದಲೇ ತುಸು ವಾಲಿದರೆ ಸಾಕು.

ಹೆಚ್ಚು ಜನ ಎಡವುವುದು ಇಳಿಯುವಾಗ. ಪೂರ್ತಿ ನಿಂತ ಮೇಲೆ ಒಂದು ಕಾಲು ಹಿಂದಕ್ಕೆ ನೆಲಕ್ಕಿಡಿ, ಕೂಡಲೇ ಇನ್ನೊಂದನ್ನೂ ತೆಗೆಯಿರಿ. ಎರಡು ಕಾಲೂ ನೆಲದಲ್ಲಿದ್ದರೂ ಹ್ಯಾಂಡಲ್ ಬಿಡಬೇಡಿ. ಗಾಡಿ ಇನ್ನೂ ಜೀವ ಇಟ್ಟುಕೊಂಡೇ ಇರುತ್ತದೆ. ಬಿಟ್ಟರೆ 47 ಕೆ.ಜಿ. ತೂಕದ್ದು ತನ್ನಷ್ಟಕ್ಕೆ ಹೋಗಿ ಯಾರ ಕಾಲಿಗಾದರೂ ಬಡಿಯುತ್ತದೆ. ಆಫ್ ಮಾಡಿ ಸ್ಟ್ಯಾಂಡ್ ಹಾಕಿದ ಮೇಲೆ, ಅಥವಾ ಗೈಡ್ ಕೈಗೆ ಕೊಟ್ಟ ಮೇಲೆ ಮಾತ್ರ ಬಿಡಿ. ಇಳಿದು ತಕ್ಷಣ ‘ಅಯ್ಯೋ ಫೋಟೋ’ ಎಂದು ಮತ್ತೆ ಹತ್ತುವುದೂ ಬೇಡ. ವೇಗದ ಮಿತಿ ಮುಟ್ಟಿದಾಗ ಗಾಡಿ ತಾನೇ ಹಲಗೆಯನ್ನು ಹಿಂದಕ್ಕೆ ವಾಲಿಸಿ ನಿಮ್ಮನ್ನು ನಿಧಾನಿಸುತ್ತದೆ; ಆ ಹೊತ್ತಿನಲ್ಲಿ ಇಳಿದು ಕೂಡಲೇ ಕಾಲಿಟ್ಟರೆ ಚಕ್ರ ಹಿಂದಕ್ಕೆ ಸುತ್ತುವ ತೊಂದರೆ ಹಿಂದೆ ಇತ್ತು. 2006ರಲ್ಲಿ 23,500 ಗಾಡಿಗಳನ್ನು ಅದಕ್ಕಾಗಿಯೇ ಸರಿಪಡಿಸಿದರು. ಸರಿಪಡಿಸಿದ್ದರೂ ಆ ಅಭ್ಯಾಸ ಒಳ್ಳೆಯದಲ್ಲ. ಹಾಗೆಯೇ ಹ್ಯಾಂಡಲ್ ನಿಮ್ಮ ಕಡೆ ತಳ್ಳಿ ಬಂದರೆ ಅದರ ಜೊತೆ ಗುದ್ದಾಡಬೇಡಿ. ‘ಸಾಕು, ನಿಧಾನ’ ಎಂದು ಅದು ಹೇಳುತ್ತಿದೆ.

ಇನ್ನು ಬೀಳುವುದರ ದೊಡ್ಡ ಕಾರಣ, ಚಕ್ರದ ಅಗಲ ಮರೆಯುವುದು. ಹ್ಯಾಂಡಲ್ ಸಣ್ಣದು, ಚಕ್ರಗಳು ಅದರ ಆಚೆಈಚೆ ಹರಡಿಕೊಂಡಿವೆ. ಗಾಡಿಯ ಅಗಲ ಸುಮಾರು 63 ಸೆಂ.ಮೀ. ಹ್ಯಾಂಡಲ್ ಹಾಯ್ದರೆ ಗಾಡಿಯೂ ಹಾಯುತ್ತದೆ ಎಂದುಕೊಂಡವರ ಒಂದು ಚಕ್ರ ಕಂಬಕ್ಕೋ ಗೋಡೆಗೋ ತಗುಲುತ್ತದೆ. ಆ ಚಕ್ರ ನಿಂತು ಇನ್ನೊಂದು ಓಡುವುದರಿಂದ ಗಾಡಿ ಗಿರ್ರನೆ ತಿರುಗಿ ಸವಾರನನ್ನು ಎಸೆಯುತ್ತದೆ. ಫುಟ್‌ಪಾತಿನ ಅಂಚೂ ಹಾಗೆಯೇ. ಅಂಚಿಗೆ ಚಕ್ರ ತಡೆದು ನಿಂತಾಗ ನಿಮ್ಮ ಮೈ ಮಾತ್ರ ಮುಂದೆ ಹೋಗುತ್ತದೆ. ಇಳಿಜಾರು ಮಾಡಿರುವ ಕಡೆಯಲ್ಲಿ, ಅದೂ ನೇರವಾಗಿ, ಎರಡು ಚಕ್ರವೂ ಒಟ್ಟಿಗೆ ಹತ್ತುವಂತೆ ಹೋಗಬೇಕು. ಇಳಿಜಾರಿಲ್ಲದಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಒದ್ದೆ ಇಟ್ಟಿಗೆ, ಮರಳು, ಓಕ್ ಮರದಿಂದ ಉದುರಿದ ಕಾಯಿ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ಇವುಗಳ ಮೇಲೆ ತಿರುಗಬೇಡಿ, ನೇರ ದಾಟಿಬಿಡಿ. ಟೈರ್ ಜಾರಿದರೆ ಗಾಡಿಗೆ ನಿಮ್ಮನ್ನು ನಿಲ್ಲಿಸುವ ದಾರಿಯೇ ಇಲ್ಲ, ಯಾಕೆಂದರೆ ಅದರ ಸಮತೋಲವೆಲ್ಲ ನೆಲದ ಹಿಡಿತದ ಮೇಲೆ ನಿಂತಿದೆ.

ಸಾಲಾಗಿ, ಮುಂದಿನವರಿಗಿಂತ ಮೂರು ಮೀಟರ್ ಹಿಂದೆ ಹೋಗಬೇಕು. ಇಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ರಸ್ತೆ ದಾಟುವಾಗ ನಮ್ಮ ಕಣ್ಣು ಮೊದಲು ಬಲಕ್ಕೆ ಹೊರಳುತ್ತದೆ, ಇಲ್ಲಿ ಮೊದಲು ಎಡಕ್ಕೆ ನೋಡಬೇಕು. ಕುದುರೆ ಗಾಡಿಗಳೂ ಓಡಾಡುತ್ತವೆ. ಕುದುರೆಯ ಬೆನ್ನ ಹಿಂದೆ ಹತ್ತಿರ ಹೋಗಬೇಡಿ. ಫ್ಲಾರಿಡಾದಲ್ಲಿ 16 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ನಿಮಗೆ ಕಾನೂನು ಬಿಟ್ಟರೂ ನಾನು ಬಿಡುವುದಿಲ್ಲ.

ಊರಿನ ಮಾತಿಗೆ ಬರುತ್ತೇನೆ. ಅಪ್ಪನಿಗೆ ಹಿಡಿಸುವುದು ಸಮುದ್ರ ದಂಡೆಯ ಕಸ್ತೀಯೊ ದೆ ಸಾನ್ ಮಾರ್ಕೋಸ್ ಕೋಟೆ. ಸ್ಪೇನಿನ ಪೆದ್ರೊ ಮೆನೆಂದೆಸ್ 1565ರಲ್ಲಿ ಈ ಊರು ಕಟ್ಟಿದರು. ಕಲ್ಲಿನ ಕೋಟೆಗೆ ಕೈ ಹಾಕಿದ್ದು 1672ರಲ್ಲಿ, ಮುಗಿದದ್ದು 1695ರಲ್ಲಿ. ನಮ್ಮ ಮಧುಗಿರಿಯಲ್ಲಿ ಬಂಡೆಯೇ ಅರ್ಧ ಗೋಡೆ. ಇಲ್ಲಿ ಅಗೆದರೆ ಬರೀ ಮರಳು. ಎದುರಿನ ಅನಸ್ತೇಸಿಯ ದ್ವೀಪದಲ್ಲಿ ಕೊಕೀನಾ ಎಂಬ ಕಲ್ಲು ಸಿಕ್ಕಿತು. ಪುಟ್ಟ ಚಿಪ್ಪುಗಳು ಸುಣ್ಣದಲ್ಲಿ ಅಂಟಿಕೊಂಡು ಆದ ಕಲ್ಲು ಅದು, ನೋಡಲು ಕಡ್ಲೆಪುರಿ ಉಂಡೆಯೇ. ಅಗೆದಾಗ ಮೆತ್ತಗಿರುತ್ತದೆ, ಒಂದರಿಂದ ಮೂರು ವರ್ಷ ಒಣಗಲು ಬಿಟ್ಟು ಆಮೇಲೆ ಕಟ್ಟುತ್ತಿದ್ದರು. ಸಿಂಪಿ ಸುಟ್ಟು ಗಾರೆಯ ಸುಣ್ಣ ಮಾಡಿಕೊಂಡರು. ಈ ಪೊಳ್ಳು ಕಲ್ಲು ಫಿರಂಗಿ ಗುಂಡಿಗೆ ಒಡೆಯಲಿಲ್ಲ. ಗುಂಡು ಒಳಗೆ ಹೂತುಕೊಂಡಿತು. 1702ರಲ್ಲಿ ಇಂಗ್ಲಿಷರು ಸುಮಾರು 50 ದಿನ ಮುತ್ತಿಗೆ ಹಾಕಿದರೂ ಒಳಗಿದ್ದ ಸುಮಾರು 1,500 ಜನ ಉಳಿದರು. ಹೊರಡುವಾಗ ಇಂಗ್ಲಿಷರು ಊರನ್ನೇ ಸುಟ್ಟು ಹೋದರು. ಆದ್ದರಿಂದಲೇ ಪೇಟೆಯಲ್ಲಿ ಎಷ್ಟೇ ಹಳೆಯ ಮನೆ ತೋರಿಸಿದರೂ ಅದು ಕೋಟೆಗಿಂತ ಕಿರಿಯದು. ಸೆಗ್ವೇ ಮೇಲೆ ಹೊರಗಿನಿಂದ ಸುತ್ತಬಹುದು, ಒಳಗೆ ಕಾಲ್ನಡಿಗೆಯೇ. ಒಳಗಿನ ಟಿಕೆಟ್ ಏಳು ದಿನ ನಡೆಯುತ್ತದೆ. ಮಾರನೇ ದಿನ ನಿಧಾನವಾಗಿ ನೋಡೋಣ.

ಅಲ್ಲಿಂದ ದಂಡೆಯುದ್ದಕ್ಕೂ ಬಂದರೆ ಸಿಂಹಗಳ ಸೇತುವೆ, 1927ರದು. ದೋಣಿ ಬಂದಾಗ ನಡುವಿನ ಭಾಗ ಎತ್ತುತ್ತಾರೆ. ಅದರ ಬುಡದಲ್ಲೇ ಊರ ನಡುವಿನ ಚೌಕ. ಅಲ್ಲಿನ ಕೊಕೀನಾ ಕಂಬ ಸ್ಪೇನಿನ 1812ರ ಸಂವಿಧಾನದ ನೆನಪಿಗೆ ನಿಲ್ಲಿಸಿದ್ದು. ರಾಜ ಆ ಸಂವಿಧಾನವನ್ನೇ ರದ್ದು ಮಾಡಿ ಸ್ಮಾರಕಗಳನ್ನು ಕೆಡವಲು ಹೇಳಿದ. ಈ ಊರಿನವರು ಕೆಡವಲಿಲ್ಲ. ಅದೇ ಚೌಕದಲ್ಲಿ 1964ರ ಕರಿಯರ ಹಕ್ಕಿನ ಹೋರಾಟಗಾರರ ಸ್ಮಾರಕವೂ ಇದೆ. ಆ ವರ್ಷ ಜೂನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಇದೇ ಊರಿನ ಒಂದು ಮೋಟೆಲ್ ಮೆಟ್ಟಿಲ ಮೇಲೆ ಬಂಧಿಸಿದ್ದರು. ಗೈಡ್ ಇದನ್ನು ಹಾರಿಸಿ ಮುಂದೆ ಹೋದರೆ ನೀವೇ ಕೇಳಿ ನಿಲ್ಲಿಸಿ.

ಪಶ್ಚಿಮಕ್ಕೆ ಎರಡು ಹೆಜ್ಜೆಗೆ ಉದ್ಯಮಿ ಹೆನ್ರಿ ಫ್ಲಾಗ್ಲರ್ 1888ರಲ್ಲಿ ತೆರೆದ ಪೋನ್ಸ್ ದೆ ಲಿಯಾನ್ ಹೋಟೆಲ್, ಈಗ ಕಾಲೇಜು. ಕೊಕೀನಾ ಚೂರು ಬೆರೆಸಿದ ಕಾಂಕ್ರೀಟನ್ನು ಅಚ್ಚಿಗೆ ಸುರಿದು ಎಬ್ಬಿಸಿದ ಕಟ್ಟಡ ಅದು. ಸೇಂಟ್ ಜಾರ್ಜ್ ಬೀದಿ ನಡೆಯುವವರಿಗೇ ಬಿಟ್ಟದ್ದು, ಸದಾ ಜನಜಂಗುಳಿ. ಅಲ್ಲಿ ಗಾಡಿಯ ಕೆಲಸವಿಲ್ಲ. ಅವಿಲೆಸ್ ಬೀದಿಯಲ್ಲಿ ಇಟ್ಟಿಗೆ ಹಾಸಿದೆ, ಕಿರಿದು. ಚಕ್ರದ ಅಗಲದ ಮಾತು ನೆನಪಿರಲಿ.

ಅಮ್ಮನಿಗೆ: ಸೀರೆ ಬೇಡ, ನೆರಿಗೆ ಚಕ್ರಕ್ಕೆ ಸಿಕ್ಕುತ್ತದೆ. ಚೂಡಿದಾರ್ ಹಾಕಿ ದುಪ್ಪಟ್ಟಾ ಮನೆಯಲ್ಲೇ ಬಿಡು. ಚಪ್ಪಲಿ ಬೇಡ, ತಳ ಚಪ್ಪಟೆ ಇರುವ ಬೂಟು ಬೇಕು. ವ್ಯಾನಿಟಿ ಬ್ಯಾಗ್ ಹ್ಯಾಂಡಲಿಗೆ ನೇತು ಹಾಕಿದರೆ ಗಾಡಿ ಆ ಕಡೆಗೇ ತಿರುಗುತ್ತದೆ. ಬೆನ್ನಿಗೆ ಹಾಕಿಕೊಳ್ಳುವ ಚಿಕ್ಕ ಚೀಲ ತಾ. ಅಪ್ಪನ ಮೊಣಕಾಲು ಎರಡು ಗಂಟೆ ನಿಲ್ಲಲು ಒಪ್ಪುವುದೋ ಇಲ್ಲವೋ, ಒಂದು ಗಂಟೆಯ ಸುತ್ತು ಸಾಕು ಎನಿಸುತ್ತದೆ. ತಲೆಸುತ್ತು ಬರುವ ಮಾತ್ರೆ ನುಂಗುತ್ತಿದ್ದರೆ ಹತ್ತುವುದೇ ಬೇಡ. ಹೊರಡುವ ಮೊದಲು ಟ್ರಾವೆಲ್ ಇನ್ಶೂರೆನ್ಸಿನವರನ್ನು ಸೆಗ್ವೇಯಲ್ಲಿ ಬಿದ್ದರೆ ಕೊಡುತ್ತೀರಾ ಎಂದು ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಇಲ್ಲಿ ಹತ್ತಿಸುವ ಮೊದಲು, ಬಿದ್ದರೆ ನಾವು ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ.

ಒಂದು ಕೆಲಸ ಈಗಲೇ ಆಗಬೇಕು. ಈ ಗಾಡಿಗೆ ಸವಾರರ ತೂಕ 45 ಕೆ.ಜಿ.ಗಿಂತ ಕಡಿಮೆ ಇರಬಾರದು, 117ಕ್ಕಿಂತ ಹೆಚ್ಚಿರಬಾರದು. ತೀರಾ ಹಗುರವಿದ್ದವರು ಹಿಂದಕ್ಕೆ ವಾಲಿದರೂ ಹಲಗೆ ಸಾಕಷ್ಟು ವಾಲುವುದಿಲ್ಲ, ಗಾಡಿ ನಿಲ್ಲುವುದಿಲ್ಲ. ಚಿಕ್ಕಪ್ಪನ ಬಗ್ಗೆ ಚಿಂತೆಯಿಲ್ಲ, ಅಮ್ಮನದೇ ಅನುಮಾನ. ಮೂವರೂ ತೂಕ ನೋಡಿಸಿ ಬರೆಯಿರಿ. ಬಸ್ ಸ್ಟ್ಯಾಂಡಿನ ಮಿಷಿನ್ ಬೇಡ, ಡಾಕ್ಟರ ಕ್ಲಿನಿಕ್ಕಿನಲ್ಲಿ ನೋಡಿಸಿ. ಅಮ್ಮನದು 45ರ ಅಂಚಿನಲ್ಲಿದ್ದರೆ ಅವಳಿಗೂ ನನಗೂ ಕೂತು ಊರು ನೋಡುವ ಟ್ರಾಲಿ ಗಾಡಿಗೆ ಟಿಕೆಟ್ ಮಾಡಿಸುತ್ತೇನೆ, ಅದೂ ಇದೇ ಬೀದಿಗಳಲ್ಲಿ ಹೋಗುತ್ತದೆ.

ಇಂತಿ ನಿಮ್ಮ ಮಗ