ಕೊರೊನಾ ಪರಿಹಾರ ಹಸಿಮೆಣಸಿನಕಾಯಿ ಬೆಳೆದವರಿಗೂ ಮುಟ್ಟಲಿ

ಸಂಪಾದಕರಿಗೆ ನಮಸ್ಕಾರ,

ಸರ್ಕಾರ ಈ ವರ್ಷ, ಅಂದ್ರೆ 2021ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಿಂದ ನಷ್ಟ ಆದ ಹಣ್ಣು ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಅಂತ ಘೋಷಣೆ ಮಾಡಿದೆ, ಹೋದ ವರ್ಷ 2020ರಲ್ಲಿ 15 ಸಾವಿರ ಇತ್ತು, ಆಗ ಹೂವಿನವರಿಗೆ 25 ಸಾವಿರ. ಕೊಟ್ಟಿದ್ದು ಒಳ್ಳೇದೇ, ಅದಕ್ಕೆ ತಕರಾರಿಲ್ಲ. ಆದರೆ ಕೊಡಗಿನ ನಮ್ಮ ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಹಸಿಮೆಣಸಿನಕಾಯಿ ಬೆಳೆದು ಕೈ ಸುಟ್ಕೊಂಡೋರಲ್ಲಿ ಎಷ್ಟೋ ಜನಕ್ಕೆ ಈ ದುಡ್ಡು ಸಿಗೋ ಹಾಗೇ ಇಲ್ಲ.

ನಮ್ಮಲ್ಲಿ ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಮೆಣಸಿನ ಸಸಿ ನೆಡ್ತೀವಿ, ಬೇಸಿಗೆಯಲ್ಲಿ ಕಾಯಿ ಬರುತ್ತೆ, ಮಳೆ ಹಿಡಿಯೋದ್ರೊಳಗೆ ಮುಗೀಬೇಕು. ಎರಡು ವರ್ಷಾನೂ ಲಾಕ್‌ಡೌನ್ ಬಂದಿದ್ದು ಸರಿಯಾಗಿ ಕೊಯ್ಲಿನ ಟೈಮಿಗೇ. 2020ರಲ್ಲಂತೂ ಕೇರಳ ಗಡಿಯ ಮಾಕುಟ್ಟದಲ್ಲಿ ರಸ್ತೆಗೆ ಮಣ್ಣು ಸುರಿದು ಬಂದ್ ಮಾಡಿದ್ರು, ಕೇರಳದ ವ್ಯಾಪಾರಿಗಳು ಈ ಕಡೆ ಬರಲಿಲ್ಲ, ಕಾಯಿ ಗಿಡದಲ್ಲೇ ಕೆಂಪಾಗೋಕೆ ಶುರುವಾಯ್ತು. ಹಸಿಕಾಯಿ ಒಂದ್ಸಲ ಕೆಂಪು ತಿರುಗಿದ್ರೆ ಯಾರೂ ತಗೊಳಲ್ಲ, ಒಣಗಿಸೋಣ ಅಂತ ಅಂಗಳದಲ್ಲಿ ಹರವಿದ್ರೆ ಮಧ್ಯಾಹ್ನ ಆಗ್ತಿದ್ದಂಗೆ ಮೋಡ, ಸಂಜೆಗೆ ಮಳೆ, ಎರಡೇ ದಿನಕ್ಕೆ ಕಾಯಿ ಮೆತ್ತಗಾಗಿ ಬೂಸಲು. ಕೊಯ್ಯೋ ಕೂಲಿನೂ ಹುಟ್ಟಲ್ಲ ಅಂತ ಹಾಗೇ ಉತ್ತುಬಿಟ್ಟೋರು ಎಷ್ಟೋ ಜನ.

ಈಗ ಪರಿಹಾರ ಅಂತ ಹೋದ್ರೆ ಮೊದಲು ಕೇಳೋದೇ ಪಹಣಿ ಮತ್ತೆ ಬೆಳೆ ಸಮೀಕ್ಷೆ. ಸಮೀಕ್ಷೆಗೆ ಫೋಟೋ ಹೊಡೆದಾಗ ಗದ್ದೆಯಲ್ಲಿ ಭತ್ತ ಇತ್ತು, ಹಾಗಾಗಿ ಭತ್ತ ಅಂತಲೇ ಇದೆ, ಮೆಣಸಿನಕಾಯಿ ಹೆಸರೇ ಇಲ್ಲ. ಪಹಣಿ ವಿಷಯ ಇನ್ನೂ ಕಷ್ಟ. ಜಮ್ಮಾ ಜಮೀನಿನ, ಅಂದ್ರೆ ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ಪಹಣಿಯಲ್ಲಿ ಮೊದಲು ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರು, ಆಮೇಲೆ ಕುಟುಂಬದವರ ಹೆಸರು ಸಾಲಾಗಿ ಇರುತ್ತೆ, ಅದರಲ್ಲಿ ತೀರಿಹೋದೋರು ಎಷ್ಟೋ, ಪೌತಿ ಖಾತೆ ಆಗಿಲ್ಲ, ಅಂದ್ರೆ ವಾರಸುದಾರರ ಹೆಸರಿಗೆ ಖಾತೆ ಬದಲಾಗಿಲ್ಲ, ಪಾಲುಪಟ್ಟಿ ಬಾಯಿಮಾತಲ್ಲೇ ಇದೆ. ಯಾವ ಗದ್ದೆ ಯಾರು ಮಾಡ್ತಾರೆ ಅಂತ ಊರಿಗೆಲ್ಲ ಗೊತ್ತು, ದಾಖಲೆಯಲ್ಲಿ ಮಾತ್ರ ಇಲ್ಲ. ಇನ್ನು ಗುತ್ತಿಗೆಗೆ ಗದ್ದೆ ಹಿಡಿದು ಬೆಳೆದೋರಿಗೆ ಕೈಯಲ್ಲಿ ಒಂದು ಚೀಟಿನೂ ಇರಲ್ಲ, ಪರಿಹಾರ ಬಂದ್ರೂ ಯಜಮಾನರ ಖಾತೆಗೇ ಹೋಗೋದು, ಗೊಬ್ಬರಕ್ಕೆ ಸಾಲ ಮಾಡಿದ್ದು ಇವರು.

ಮೊತ್ತ ನೋಡಿದ್ರೂ ಅಷ್ಟೇ. ಹೆಕ್ಟೇರ್ ಅಂದ್ರೆ ಸುಮಾರು ಎರಡೂವರೆ ಎಕರೆ, ಅರ್ಧ ಎಕರೆಯವರಿಗೆ ಸಿಗೋದು ಬರೀ 2 ಸಾವಿರ, ಔಷಧಿ ಹೊಡೆದ ಖರ್ಚೂ ಹುಟ್ಟಲ್ಲ. ಕಾಫಿ ಅಂತೂ ಪ್ಯಾಕೇಜಲ್ಲಿ ಬರಲೇ ಇಲ್ಲ, ಕೊಡಗು ಅಂದ್ರೆ ಎಲ್ಲರೂ ತೋಟದ ಸಾಹುಕಾರ್ರು ಅಂತ ಅಂದ್ಕೊಂಡಿದ್ದಾರೋ ಏನೋ, 2018, 2019ರ ಮಳೆಗೆ ಈ ಜಿಲ್ಲೆ ಏನಾಯ್ತು ಅಂತ ಎಲ್ಲರೂ ನೋಡಿದ್ದಾರೆ.

ನಾವು ಕೇಳೋದು ದೊಡ್ಡದೇನಲ್ಲ. ಮಳೆಗೆ ಮನೆ ಬಿದ್ರೆ ಸ್ಥಳಕ್ಕೆ ಬಂದು ಮಹಜರು ಮಾಡ್ತಾರಲ್ಲ, ಹಾಗೇ ಗ್ರಾಮ ಲೆಕ್ಕಿಗರು, ತೋಟಗಾರಿಕೆಯವರು, ಪಂಚಾಯ್ತಿ ಮೆಂಬರು ಸೇರಿ ಒಂದ್ಸಲ ಗದ್ದೆಗೆ ಬರಲಿ, ಅಕ್ಕಪಕ್ಕದವರ ಸಹಿ ಹಾಕಿಸ್ಕೊಳ್ಲಿ, ಬೆಳೆದವರ ಹೆಸರಿಗೇ ದುಡ್ಡು ಹಾಕಲಿ, ಬೇಸಿಗೆ ಬೆಳೆನೂ ಸಮೀಕ್ಷೆಗೆ ಸೇರಿಸ್ಲಿ. ಬರೋದಾದ್ರೆ ಬೇಗ ಬರಬೇಕು, ಮಳೆ ಜೋರಾದ್ರೆ ಗದ್ದೆ ಉತ್ತು ಭತ್ತಕ್ಕೆ ಬಿಡ್ತೀವಿ, ಆಮೇಲೆ ತೋರಿಸೋಕೆ ಒಂದು ಮೆಣಸಿನ ಗಿಡನೂ ಇರಲ್ಲ.

ಇಂತಿ,
ಒಬ್ಬ ಮೆಣಸಿನಕಾಯಿ ಬೆಳೆಗಾರ
ಶನಿವಾರಸಂತೆ, ಸೋಮವಾರಪೇಟೆ ತಾಲ್ಲೂಕು