ಬಲೂನಿನ ಬಾಯಿಗೆ ಯಾವ ಬಟ್ಟೆ ಕಟ್ಟಿದ್ದಾರೆ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ.

ನಾನು ಹಾಸನದಲ್ಲಿ ಟಾರ್ಪಾಲ್, ಶಾಮಿಯಾನ, ಲಾರಿ ಹುಡ್ ಹೊಲಿಯುವವನು. ಮೂವತ್ತು ವರ್ಷದಿಂದ ಇದೇ ಕೆಲಸ. ಕಳೆದ ಚಳಿಗಾಲದಲ್ಲಿ ನಮ್ಮ ಕಡೆ ಒಂದು ಉತ್ಸವಕ್ಕೆ ಬಿಸಿಗಾಳಿ ಬಲೂನ್ ತರಿಸಿದ್ದರು. ಹಗ್ಗ ಕಟ್ಟಿ ಮೇಲಕ್ಕೆ ಬಿಟ್ಟು, ಸ್ವಲ್ಪ ಹೊತ್ತು ಊರು ತೋರಿಸಿ ಇಳಿಸುತ್ತಾರಲ್ಲ, ಆ ಥರದ್ದು. ಹಿಂದಿನ ದಿನ ಸಂಜೆ ಬಲೂನಿನವರ ಕಡೆಯ ಇಬ್ಬರು ಹುಡುಗರು ಆಟೋದಲ್ಲಿ ಒಂದು ಬಟ್ಟೆಯ ಕಟ್ಟು ಹಾಕಿಕೊಂಡು ಅಂಗಡಿಗೆ ಬಂದರು. "ಅಣ್ಣಾ, ಇಲ್ಲಿ ಸುಟ್ಟಿದೆ. ಒಂದು ತೇಪೆ ಹಾಕಿಕೊಡಿ, ಬೆಳಿಗ್ಗೆ ಆರಕ್ಕೆ ಬೇಕು" ಅಂದರು.

ಬಲೂನಿನ ಬಾಯಿಯ ಸುತ್ತ ಕಟ್ಟುವ ಬಟ್ಟೆ ಅದು. ಅವರು ಅದಕ್ಕೆ ಸ್ಕರ್ಟ್ ಅಂತಾರೆ, ನೋಡುವುದಕ್ಕೂ ಲಂಗದ ಹಾಗೇ ಇತ್ತು. ಟೇಬಲ್ ಮೇಲೆ ಹರಡಿದೆ. ಎರಡು ಕಡೆ ಸುಟ್ಟಿತ್ತು. ಒಂದು ಕಡೆ ಬಟ್ಟೆ ಕಪ್ಪಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಇನ್ನೊಂದು ಕಡೆ ಯಾರೋ ಮೊದಲೇ ಹಾಕಿದ್ದ ತೇಪೆ. ಅದರ ಅಂಚು ಗಟ್ಟಿಯಾಗಿ ಸಣ್ಣ ಸಣ್ಣ ಮಣಿ ಕಟ್ಟಿತ್ತು. ಹಸು ಕಟ್ಟುವ ನೈಲಾನ್ ಹಗ್ಗದ ತುದಿ ಬಿಚ್ಚಿಕೊಳ್ಳದಿರಲಿ ಅಂತ ಬೆಂಕಿಕಡ್ಡಿ ಗೀರಿ ಸುಡುತ್ತೇವಲ್ಲ, ಆಗ ತುದಿ ಕರಗಿ ಗುಂಡಗಾಗುತ್ತದಲ್ಲ, ಥೇಟ್ ಹಾಗೆ. ಅಂದರೆ ಬಲೂನಿನ ಗಾಳಿ ಬಿಸಿ ಮಾಡುವ ಬರ್ನರಿನ ಬೆಂಕಿಯ ಪಕ್ಕದಲ್ಲೇ ಯಾರೋ ನೈಲಾನ್ ಹೊಲಿದಿದ್ದರು.

ನಾನು ಹೊಲಿಯಲ್ಲ ಅಂದೆ. ಇನ್ನೂರು ಜಾಸ್ತಿ ಕೊಡ್ತೀವಿ ಅಂದರು. ಆಗಲ್ಲ ಅಂದೆ. ಕಟ್ಟು ಎತ್ತಿಕೊಂಡು ಹೋದರು. ನಾನು ಅಂಗಡಿ ಬಾಗಿಲು ಹಾಕಿ ಮನೆಗೆ ಹೋದೆ. ಉತ್ಸವದವರಿಗೆ ಒಂದು ಮಾತು ಹೇಳಬೇಕಿತ್ತು, ಅವರ ಶಾಮಿಯಾನ ಕೆಲಸ ಮಾಡಿದವನೇ ನಾನು, ಫೋನ್ ನಂಬರೂ ಇತ್ತು. ಹೇಳಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಮಾರನೇ ದಿನ ಮೈದಾನಕ್ಕೆ ಹೋದೆ. ಬೆಳಿಗ್ಗೆ ಆರಕ್ಕೆ ಶುರುವಾಗಬೇಕಿದ್ದದ್ದು, ಅತಿಥಿಗಳು ತಡವಾಗಿ ಬಂದು ಹತ್ತೂವರೆ ಆಯಿತು. ರಾಗಿ ತೂರುವವರನ್ನು ಕೇಳಿ, ಬಿಸಿಲೇರಿದ ಮೇಲೆ ನಮ್ಮ ಬಯಲಿನಲ್ಲಿ ಮೂಡಗಾಳಿ ಹೇಗೆ ಏಳುತ್ತದೆ ಅಂತ ಹೇಳುತ್ತಾರೆ. ಎರಡನೇ ಸಲ ಬಲೂನ್ ಏರಿದಾಗ ಗಾಳಿ ಬಂತು. ಬಲೂನಿನ ಒಂದು ಪಕ್ಕ ಒಳಕ್ಕೆ ಹೋಯಿತು, ಬಾಯಿ ಮಡಚಿಕೊಂಡಿತು, ಮೇಲಕ್ಕೆ ಹೋಗಬೇಕಾದ ಜ್ವಾಲೆ ಬಟ್ಟೆಗೆ ತಾಗಿತು. ತೇಪೆ ಹನಿ ಹನಿಯಾಗಿ ಕರಗಿ ಕೆಳಗೆ ಬಿತ್ತು. ಬುಟ್ಟಿಯಲ್ಲಿದ್ದ ಒಬ್ಬಳು ಹುಡುಗಿಯ ಮುಂಗೈ ಮೇಲೆ ಒಂದು ಹನಿ. ಅವರು ಬೇಗ ಇಳಿಸಿದರು, ಗಾಯ ಗೋಧಿ ಕಾಳಿನಷ್ಟು. ದೊಡ್ಡದೇನೂ ಆಗಲಿಲ್ಲ ಅಂತ ಎಲ್ಲರೂ ಸುಮ್ಮನಾದರು. ಮುಖದ ಮೇಲೆ ಬಿದ್ದಿದ್ದರೆ?

ಆಮೇಲೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಜೈಪುರದಲ್ಲಿ ನಾಲ್ಕು ವರ್ಷ ಬಲೂನ್ ಸಿಬ್ಬಂದಿಯಲ್ಲಿದ್ದವನು. "ಮಾವ, ಬಾಯಿ ಹತ್ರ ನೊಮೆಕ್ಸ್ ಬಿಟ್ಟು ಬೇರೆ ಬಟ್ಟೆ ಹಾಕೋ ಹಾಗೇ ಇಲ್ಲ" ಅಂದ. ಅಗ್ನಿಶಾಮಕದವರ ಕೋಟು, ರೇಸ್ ಕಾರು ಓಡಿಸುವವರ ಅಂಗಿ ಮಾಡುತ್ತಾರಲ್ಲ, ಅದೇ ಬಟ್ಟೆ. ಬಲೂನಿನ ಮೇಲ್ಭಾಗ ನೈಲಾನೋ ಪಾಲಿಯೆಸ್ಟರೋ ಆಗಿದ್ದರೆ ತೊಂದರೆ ಇಲ್ಲ, ಅಲ್ಲಿ ಗಾಳಿಯ ಬಿಸಿ ಸುಮಾರು 100 ಡಿಗ್ರಿ ಅಷ್ಟೇ. ಆದರೆ ನೈಲಾನ್ 220ರಿಂದ 260 ಡಿಗ್ರಿಯೊಳಗೆ ಕರಗಿಬಿಡುತ್ತದೆ. ನೊಮೆಕ್ಸ್ ಕರಗುವುದೇ ಇಲ್ಲ. 370 ಡಿಗ್ರಿ ಹತ್ತಿರ ಕರಿಯಾಗುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ. ನನ್ನ ಟೇಬಲ್ ಮೇಲೆ ಹಪ್ಪಳದ ಹಾಗೆ ಮುರಿದದ್ದು ನೊಮೆಕ್ಸ್, ಮಣಿ ಕಟ್ಟಿದ್ದು ನೈಲಾನ್. ಸುಡದೆ ಉಳಿದ ಕಡೆ ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತಿತ್ತು.

ದಾರದ ವಿಷಯ ನಾನೇ ಹೇಳುತ್ತೇನೆ, ಅದು ನನ್ನ ಕಸುಬು. ನಮ್ಮಂಥ ಅಂಗಡಿಗಳಲ್ಲಿ ಇರುವುದು ಪಾಲಿಯೆಸ್ಟರ್ ದಾರ. ಒಳ್ಳೇ ನೊಮೆಕ್ಸ್ ತಂದು ಈ ದಾರದಲ್ಲಿ ಹೊಲಿದರೂ ಪ್ರಯೋಜನವಿಲ್ಲ, ಬಟ್ಟೆ ಉಳಿದು ದಾರ ಕರಗುತ್ತದೆ, ಹೊಲಿಗೆ ಉದ್ದಕ್ಕೂ ಬಿಟ್ಟುಕೊಳ್ಳುತ್ತದೆ. ದಾರವೂ ಬೆಂಕಿ ತಡೆಯುವ ಜಾತಿಯದೇ ಆಗಬೇಕು.

ಇನ್ನೊಂದು ಮಾತು ಅವನು ಹೇಳಿದ್ದು. ಕಟ್ಟಿದ ಬಲೂನ್ ಸುಲಭ, ಬಿಟ್ಟ ಬಲೂನ್ ಕಷ್ಟ ಅಂತ ನಾವು ಅಂದುಕೊಂಡಿರುತ್ತೇವೆ. ಬಿಟ್ಟ ಬಲೂನ್ ಗಾಳಿಯ ಜೊತೆಗೇ ಹೋಗುವುದರಿಂದ ಬುಟ್ಟಿಯಲ್ಲಿ ನಿಂತವರಿಗೆ ಗಾಳಿ ಬೀಸಿದ್ದೇ ಗೊತ್ತಾಗುವುದಿಲ್ಲವಂತೆ. ಕಟ್ಟಿದ ಬಲೂನ್ ಹಾಗಲ್ಲ, ಬಂದ ಗಾಳಿಯನ್ನೆಲ್ಲ ಅದು ಮೈಮೇಲೇ ತಗೊಳ್ಳಬೇಕು. ಅದಕ್ಕೇ ಕಟ್ಟಿ ಹಾರಿಸುವಾಗ ಬಾಯಿಗೆ ಸ್ಕೂಪ್ ಹಾಕುವುದು ಒಳ್ಳೆಯದು. ಸ್ಕರ್ಟ್ ಸುತ್ತಲೂ ಒಂದೇ ಸಮ ಇರುತ್ತದೆ, ಏರುವಾಗ ಇಳಿಯುವಾಗ ಜ್ವಾಲೆ ಆಚೀಚೆ ವಾಲದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ. ಸ್ಕೂಪ್ ಒಂದು ಕಡೆ ತೆರೆದಿರುತ್ತದೆ, ಉಳಿದ ಮೂರು ಕಡೆ ಬಟ್ಟೆ ಉದ್ದಕ್ಕೆ ಇಳಿದಿರುತ್ತದೆ, ಗಾಳಿಗೆ ಮೊರ ಅಡ್ಡ ಹಿಡಿದ ಹಾಗೆ. ಬೀಸಿದ ಗಾಳಿ ಅದಕ್ಕೆ ಬಡಿದು ಬಲೂನಿನ ಒಳಕ್ಕೇ ಹೋಗುತ್ತದೆ, ಬಾಯಿ ತೆರೆದಿರುತ್ತದೆ, ಹೊಟ್ಟೆ ಉಬ್ಬಿರುತ್ತದೆ. ತೆರೆದ ಕಡೆ ಗಾಳಿಗೆ ಮುಖ ಮಾಡಿರಬೇಕು, ಗಾಳಿ ದಿಕ್ಕು ಬದಲಾದರೆ ಇಳಿಸಿ ಹಗ್ಗ ಬದಲಿಸಿ ಕಟ್ಟಬೇಕು. ಗಾಳಿ ತೀರಾ ಜೋರಾದರೆ ಯಾವ ಸ್ಕೂಪೂ ಕಾಪಾಡಲ್ಲ, ಆವತ್ತು ಹಾರಿಸಬಾರದು, ಅಷ್ಟೇ.

ಬರ್ನರ್ ಬಗ್ಗೆಯೂ ಒಂದು ಮಾತು. ಅದರ ಸದ್ದಿಗೆ ಪಕ್ಕದ ಹೊಲದಲ್ಲಿ ಕಟ್ಟಿದ್ದ ಹಳ್ಳಿಕಾರ್ ಜೋಡಿ ಗೂಟ ಕಿತ್ತುಕೊಂಡು ಓಡಿತು. ಮೆಲ್ಲಗೆ ಉರಿಯುವ ಬರ್ನರೂ ಇದೆಯಂತೆ, ದನಕರು ಇರುವ ಕಡೆ ಅದನ್ನೇ ಹಚ್ಚುತ್ತಾರೆ, ವಿದೇಶದಲ್ಲಿ ಅದಕ್ಕೆ ಕೌ ಬರ್ನರ್ ಅಂತಲೇ ಹೆಸರು. ಜಾನುವಾರು ಜಾತ್ರೆ ನಡೆಯುವ ನಮ್ಮ ಜಿಲ್ಲೆಗೆ ಅದು ಬೇಕೇ ಬೇಕು ಅಲ್ವಾ?

ಬಲೂನಿನ ಬಟ್ಟೆಗೂ ಬೆಂಕಿಗೂ ಮೊದಲಿನಿಂದಲೂ ಆಗಿಬಂದಿಲ್ಲ. 1783ರ ಜೂನ್‌ನಲ್ಲಿ ಫ್ರಾನ್ಸಿನ ಮೊಂಗೋಲ್ಫಿಯೇ ಸಹೋದರರು ಹಾರಿಸಿದ ಬಲೂನ್ ಗೋಣಿಬಟ್ಟೆಗೆ ಕಾಗದದ ಒಳಪದರ ಕೊಟ್ಟು ಮಾಡಿದ್ದು. ತುಂಡುಗಳನ್ನು ಸೇರಿಸಿದ್ದು ಸುಮಾರು 1,800 ಗುಂಡಿ ಹಾಕಿ. ಹೊಲಿಗೆಯವನಾದ ನನಗೆ ಇದು ಓದಿ ಮೈ ಜುಮ್ಮೆಂದಿತು. ಅದೇ ನವೆಂಬರ್ 21ರಂದು ಪ್ಯಾರಿಸ್‌ನಲ್ಲಿ ಮೊದಲ ಸಲ ಇಬ್ಬರು ಮನುಷ್ಯರು ಹಗ್ಗವಿಲ್ಲದೆ ಹಾರಿದಾಗ ಬಟ್ಟೆಗೆ ಅಲ್ಲಲ್ಲಿ ಕಿಡಿ ತಾಗಿ ತೂತಾಗುತ್ತಿತ್ತು, ಅವರು ಒದ್ದೆ ಸ್ಪಂಜಿನಿಂದ ಒತ್ತಿ ಒತ್ತಿ ಆರಿಸುತ್ತಿದ್ದರು. ಅವರಿಗೆ ನೊಮೆಕ್ಸ್ ಇರಲಿಲ್ಲ. ನಮಗೆ ಇದೆ. ಇದ್ದೂ ನೈಲಾನ್ ತೇಪೆ ಹಾಕಿಸಿಕೊಂಡು ಜನರನ್ನು ಮೇಲೆ ಕಳಿಸುವುದು ಎಂಥ ಅನ್ಯಾಯ!

ಕಾನೂನು ಇಲ್ಲವೇ ಅಂತ ಕೇಳಿದರೆ, ಇದೆ. 1934ರ ವಿಮಾನ ಕಾಯ್ದೆಯಲ್ಲೇ ವಿಮಾನ ಎಂಬ ಪದಕ್ಕೆ ಬಲೂನನ್ನೂ ಸೇರಿಸಿದ್ದರು, ಕಟ್ಟಿದ್ದಾದರೂ ಬಿಟ್ಟಿದ್ದಾದರೂ. ವಿಮಾನದ ರೆಕ್ಕೆ ಹರಿದರೆ ಟಾರ್ಪಾಲ್ ಅಂಗಡಿಗೆ ತರುವುದಿಲ್ಲ. ಬಲೂನಿನ ಬಾಯಿಯೂ ಅಷ್ಟೇ, ಅದಕ್ಕೆ ಅಧಿಕಾರ ಇರುವವರೇ ರಿಪೇರಿ ಮಾಡಿ, ಆ ಬಲೂನಿನ ರಿಪೇರಿ ದಾಖಲೆ ಪುಸ್ತಕದಲ್ಲಿ ಬರೆದಿರಬೇಕು. ಉತ್ಸವ ನಡೆಸುವವರು ಬಲೂನ್ ಗೊತ್ತು ಮಾಡುವಾಗ ದಿನಕ್ಕೆ ಎಷ್ಟು ದುಡ್ಡು, ಎಷ್ಟು ಜನ ಹತ್ತಬಹುದು ಅಂತ ಮಾತ್ರ ಕೇಳುತ್ತಾರೆ. ಆ ಪುಸ್ತಕ ತೋರಿಸಿ ಅನ್ನಿ. ಸ್ಕೂಪ್ ತಂದಿದ್ದೀರಾ ಅನ್ನಿ. ಗಾಳಿ ತುಂಬುವಾಗ ಬಲೂನಿನ ಬಾಯಿ ಹಿಡಿದುಕೊಳ್ಳುವ ಹುಡುಗರಿಗೆ ಹತ್ತಿ ಬಟ್ಟೆ, ಚರ್ಮದ ಗ್ಲೌಸು ಕೊಟ್ಟಿದ್ದಾರಾ ನೋಡಿ. ಆವತ್ತು ನಮ್ಮ ಮೈದಾನದಲ್ಲಿ ಹಿಡಿದುಕೊಂಡಿದ್ದ ಹುಡುಗ ಹಾಕಿದ್ದು ಹೊಳೆಯುವ ಪಾಲಿಯೆಸ್ಟರ್ ಟೀ ಶರ್ಟು, ಕಾಲಿಗೆ ಹವಾಯಿ ಚಪ್ಪಲಿ. ಮತ್ತೆ ಅತಿಥಿಗಳು ಎಷ್ಟೇ ದೊಡ್ಡವರಾಗಿರಲಿ, ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆಯೊಳಗೆ ಹಾರಾಟ ಮುಗಿಸಿ.

ಈ ಸಲವೂ ಬಲೂನ್ ತರಿಸುವ ಮಾತು ಕೇಳಿಬರುತ್ತಿದೆ. ತರಿಸಲಿ, ನಮ್ಮ ಮಕ್ಕಳೂ ಹತ್ತಲಿ. ಶಾಮಿಯಾನ ಕೆಲಸಕ್ಕೆ ನನ್ನನ್ನು ಕರೆದರೆ ಬೆಳಗಿನ ಜಾವವೇ ಹೋಗಿ ಆ ಬಟ್ಟೆ ಮುಟ್ಟಿ ನೋಡುತ್ತೇನೆ. ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯ ನನ್ನ ಕಸುಬಿನವರಲ್ಲೂ ಕೇಳಿಕೊಳ್ಳುತ್ತೇನೆ. ಸಂಜೆ ಹೊತ್ತು ಯಾರಾದರೂ ಸುಟ್ಟ ಬಟ್ಟೆಯ ಕಟ್ಟು ತಂದು ಬೆಳಿಗ್ಗೆಗೆ ಬೇಕು ಅಂದರೆ ಹೊಲಿಯಬೇಡಿ. ಹೊಲಿಯಲ್ಲ ಅಂತ ಹೇಳಿ ನನ್ನ ಹಾಗೆ ಬಾಗಿಲು ಹಾಕಿಕೊಂಡು ಮನೆಗೂ ಹೋಗಬೇಡಿ, ಉತ್ಸವದವರಿಗೆ ಒಂದು ಫೋನ್ ಮಾಡಿ.

ಇಂತಿ,
ಒಬ್ಬ ಟಾರ್ಪಾಲ್ ಹೊಲಿಯುವವ, ಹಾಸನ