ಕುಂಬಳಕಾಯಿ ಒಡೆದರೂ ಊಟಕ್ಕೆ ಹೋಗು

ಪ್ರೀತಿಯ ಅಪ್ಪೀ,

ಊರಿನ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಅದು ಬಿಡು. ಕುಂಬಳಕಾಯಿಯ ಫೋಟೋ ನೋಡಿ ನಕ್ಕುಬಿಟ್ಟೆ. ಪಕ್ಕದಲ್ಲಿ ನಿಂತ ಮಗಳೇ ಕಾಯಿಗಿಂತ ಸಣ್ಣಗೆ ಕಾಣುತ್ತಾಳಲ್ಲೋ! ಆದರೆ ಕೊನೆಗೊಂದು ಮಾತು ಬರೆದಿದ್ದೀಯ. ತೂಕದ ದಿನಕ್ಕೆ ಮೊದಲೇ ಒಡೆದುಹೋದರೆ ಅವತ್ತಿನ ಊಟಕ್ಕೆ ಹೋಗಲ್ಲ, ಗೆಳೆಯರಿಗೆ ಮುಖ ತೋರಿಸೋಕಾಗಲ್ಲ ಅಂತ. ಅದು ಯಾಕೋ ಮನಸ್ಸಿನಿಂದ ಹೋಗುತ್ತಿಲ್ಲ.

ನಾಲ್ಕು ಮನೆಯವರು ಹಿತ್ತಲಲ್ಲಿ ಕಾಯಿ ಬೆಳೆಸಿ, ಅಕ್ಟೋಬರಿನಲ್ಲಿ ತೂಗಿ, ಒಟ್ಟಿಗೆ ಕೂತು ಉಣ್ಣುವ ಆಟ ಇದು. ಅದಕ್ಕೆ ಮಧ್ಯರಾತ್ರಿ ಟಾರ್ಚ್ ಹಿಡಿದು ಕಾಯಿ ನೋಡಲು ಎದ್ದು ಹೋಗುತ್ತೀಯಂತೆ.

ನಿನ್ನ ದೆಸೆಯಿಂದ ನಾನೂ ಯೂಟ್ಯೂಬ್ ನೋಡಿ ನೋಡಿ ಅರ್ಧ ಪಂಡಿತಳಾಗಿದ್ದೇನೆ. ನಿನ್ನ ಅಟ್ಲಾಂಟಿಕ್ ಜೈಂಟ್ ತಳಿ ಮಾಡಿದ್ದು ಕೆನಡಾದ ನೋವಾ ಸ್ಕೋಷಿಯಾದ ರೈತ ಹೊವಾರ್ಡ್ ಡಿಲ್. 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ಅವನೇ ವಿಶ್ವ ಚಾಂಪಿಯನ್. ಅಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ನಿಮ್ಮ ಗುಡ್ಡದಾಚೆಯ ಹಾಫ್ ಮೂನ್ ಬೇ ಊರಿನ ಕುಂಬಳಕಾಯಿ ತೂಗುವ ಸ್ಪರ್ಧೆಗೆ 2023ರಲ್ಲಿ ಮಿನ್ನೆಸೋಟದವನೊಬ್ಬ ತಂದ ಕಾಯಿ 2,749 ಪೌಂಡ್ ತೂಗಿತು. ಅಂದರೆ ಹನ್ನೆರಡು ಕ್ವಿಂಟಾಲಿಗೂ ಜಾಸ್ತಿ! ಅಂಥ ಕಾಯಿಗಳು ಭರದಲ್ಲಿರುವಾಗ ಒಂದೇ ದಿನಕ್ಕೆ 20 ಕೆ.ಜಿ. ಏರುತ್ತವಂತೆ. ಒಳಗೆ ಆ ಪರಿ ಉಬ್ಬುತ್ತಿದ್ದರೆ ಸಿಪ್ಪೆ ಪಾಪ ಎಷ್ಟು ಅಂತ ಹಿಗ್ಗೀತು? ದೊಡ್ಡ ದೊಡ್ಡವರದ್ದೂ ಒಡೆಯುತ್ತದೆ. ಸೀಳು ಒಳಗಿನ ಪೊಳ್ಳಿನವರೆಗೆ ಹೋದರೆ ಅಲ್ಲಿ ಸ್ಪರ್ಧೆಗೇ ತಗೊಳ್ಳಲ್ಲ. ಅವರ್ಯಾರೂ ಅದಕ್ಕಾಗಿ ಮುಖ ಮುಚ್ಚಿಕೊಂಡು ಕೂತಿಲ್ಲ.

ನಮ್ಮತ್ತೆ ಹಿತ್ತಲಲ್ಲಿ ಕುಂಬಳದ ಹೀಚಿಗೆ ಬೆರಳು ತೋರಿಸಲು ಬಿಡುತ್ತಿರಲಿಲ್ಲ, ಕೊಳೆಯುತ್ತೆ ಅಂತ. ತೋರಿಸಿದರೆ ಕೈ ಮೇಲೆ ಒಂದೇಟು. ಪರಾಗ ಸರಿಯಾಗಿ ಕೂರದ ಹೀಚು ಹಳದಿಯಾಗಿ ಉದುರುವುದು, ಬೈಸಿಕೊಳ್ಳುವುದು ನಾವು. ನೀನು ಹಿಂದಿನ ಸಂಜೆಯೇ ಹೆಣ್ಣುಹೂವಿಗೆ ಬಟ್ಟೆ ಕಟ್ಟಿ, ಬೆಳಿಗ್ಗೆ ಗಂಡುಹೂವು ತಂದು ಕೈಯಾರೆ ಸವರಿದವನು. ಗಿಡಕ್ಕೆ ಒಂದೇ ಕಾಯಿ ಉಳಿಸಿ ಬೇರೆಲ್ಲ ಚಿವುಟಿದವನು. ಇನ್ನೇನು ಮಾಡಬೇಕು ಹೇಳು?

ನಿದ್ದೆಗೆಡುವುದು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಆಷಾಢದ ಮಳೆ ಹಿಡಿಯಿತೆಂದರೆ ನಿನ್ನ ದೊಡ್ಡಪ್ಪ ಮಲಗಿದಲ್ಲೇ ಕಿವಿ ತೋಟದ ಕಡೆ ಇಟ್ಟಿರುತ್ತಿದ್ದರು. ಕೊಳೆ ಬಂದ ಅಡಿಕೆ ಉದುರುವ ಸದ್ದು ಮಳೆಯಲ್ಲಿ ಕೇಳುತ್ತದೆಯೇ? ಅವರಿಗೆ ಕೇಳುತ್ತಿತ್ತು. ಒಂದು ವರ್ಷ ಮಳೆ ಬಿಡಲೇ ಇಲ್ಲ, ಎರಡನೇ ಸಲ ಔಷಧಿ ಹೊಡೆಯಲು ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರ ಹತ್ತುವಂತಿರಲಿಲ್ಲ, ಮರದ ಬುಡದಲ್ಲೆಲ್ಲ ಬಿಳಿ ಬೂಸ್ಟು ಹಿಡಿದ ಹಸಿರು ಕಾಯಿ. ಆಚೆ ತೋಟದವರಿಗೆ ಹೇಗೋ ಅರ್ಧ ಉಳಿಯಿತು. ಅವತ್ತಿನಿಂದ ಇವರು ಅವರ ಜಗುಲಿಗೆ ಇಸ್ಪೀಟಿಗೆ ಹೋಗುವುದನ್ನೇ ಬಿಟ್ಟರು. ಜಗಳ ಇಲ್ಲ, ಏನಿಲ್ಲ. ಸುಮ್ನೆ ಹೋಗಲಿಲ್ಲ. ಅವರು ಕರೆದರು, ಆಮೇಲೆ ಕರೆಯುವುದನ್ನೂ ಬಿಟ್ಟರು. ಕೊನೆಗೆ ತೋಟ ಮಾರಿ ಮಗನ ಮನೆಗೆ ಹುಬ್ಬಳ್ಳಿಗೆ ಹೋದರು. ಆ ಮನೆಯಾಕೆ ಪ್ರತಿ ವರ್ಷ ನನಗೆ ಅಪ್ಪೆಮಿಡಿ ಕೊಡುತ್ತಿದ್ದಳು. ಗಂಡಸರ ವಿಷಯ ಅಂತ ನಾನೂ ಸುಮ್ಮನಿದ್ದೆ. ಒಂದು ದಿನ ಹಳ್ಳದ ಮೇಲಿನ ಸಂಕ ದಾಟಿ ಹೋಗಿ ಮಾತಾಡಿಸಿ ಬರಬಹುದಿತ್ತು ಅಂತ ಈಗಲೂ ಅನಿಸುತ್ತೆ. ಆ ಅಡಿಕೆಗೆ ಎಷ್ಟು ರೇಟಿತ್ತು ಅಂತ ಕೇಳಿದರೆ ಈಗ ನೆನಪೇ ಇಲ್ಲ.

ಬುದ್ಧಿ ಹೇಳುವಷ್ಟು ದೊಡ್ಡ ಬೆಳೆಗಾರ್ತಿ ನಾನಲ್ಲ, ನಿನಗೇ ಗೊತ್ತಿರುತ್ತೆ, ಆದರೂ ಬರೆಯುತ್ತೇನೆ. ನಾಲ್ಕು ದಿನ ಒಣಗಿಸಿ ಒಮ್ಮೆಲೇ ನೀರು ಬಿಡಬೇಡ, ದಿನಾ ಒಂದೇ ಸಮ ಕೊಡು. ಬಿಸಿಲಿಗೆ ಸಿಪ್ಪೆ ಗಟ್ಟಿಯಾದರೆ ಹಿಗ್ಗುವುದಿಲ್ಲ, ಹಳೇ ಬೆಡ್‌ಶೀಟ್ ಹೊದಿಸು. ಫೋಟೋದಲ್ಲಿ ತೊಟ್ಟಿನ ಹತ್ತಿರ ಬಳ್ಳಿ ಬಿಗಿಯಾಗಿ ಎಳೆದ ಹಾಗೆ ಕಂಡಿತು, ಕಾಯಿ ಮೇಲೇಳುತ್ತಾ ಹೋದ ಹಾಗೆ ತೊಟ್ಟೇ ಸೀಳಬಹುದು. ಅಲ್ಲಿ ಗೆಣ್ಣಿನಿಂದ ನೆಲಕ್ಕಿಳಿದ ಬೇರು ಒಂದೆರಡು ಕತ್ತರಿಸಿದರೆ ಬಳ್ಳಿ ಸಡಿಲವಾಗುತ್ತದಂತೆ. ನೋಡಿಕೊಂಡು ಮಾಡು, ಕಾಯಿ ಹೋದರೆ ನನ್ನ ಬೈಯಬೇಡ.

ಇಷ್ಟೆಲ್ಲ ಮಾಡಿಯೂ ಒಡೆಯಿತು ಅಂತಲೇ ಇಟ್ಟುಕೋ. ಅವತ್ತೇ ಆ ಮೂವರಿಗೂ ಫೋನು ಮಾಡು. ಬಂದು ನೋಡಲಿ, ನಗಲಿ, ನಾಲ್ಕು ದಿನ ರೇಗಿಸಲಿ. ಬಲಿತ ಕಾಯಿ ಒಡೆದರೂ ಬೀಜ ಕೆಡುವುದಿಲ್ಲ, ಹಂಚಿಕೊಳ್ಳಿ. ಹುಳಿಗೆ ಮಾತ್ರ ಹಾಕಬೇಡ, ಬರೀ ನೀರು ನೀರು, ರುಚಿ ಇರಲ್ಲವಂತೆ.

ನಿಮ್ಮ ಕಡೆ ಬರುವವರು ಯಾರೋ ಇದ್ದಾರಂತೆ, ಅವರ ಕೈಲಿ ಕೋಡುಬಳೆ ಕಳಿಸಲು ನಿನ್ನಮ್ಮನಿಗೆ ಹೇಳಿದ್ದೇನೆ. ನಾಲ್ಕು ಮನೆಗಾಗುವಷ್ಟು. ತೂಕದ ದಿನ ನೀನೇ ತಗೊಂಡು ಹೋಗಿ ಕೊಡಬೇಕು, ಬೇರೆಯವರ ಕೈಲಿ ಕಳಿಸುವ ಹಾಗಿಲ್ಲ. ಆಯ್ತಾ?

ನಿನ್ನ
ದೊಡ್ಡಮ್ಮ